ಹೆರಿಗೆ ಹೊತ್ತಿನ ನಾಚಿಕೆ

ಬಸುರಿ ಹೆಂಗಸರು ನರ್ಸಮ್ಮನನ್ನು ಏನೆಲ್ಲ ಕೇಳುತ್ತಾರೆ. ಕಬ್ಬಿಣದ ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದಾ, ಹೊಟ್ಟೆ ಕುಯ್ಯೋದು ತಪ್ಪುತ್ತದಾ, ತವರಿಗೆ ಯಾವ ತಿಂಗಳಲ್ಲಿ ಹೋಗಬಹುದು. ಇವನ್ನೆಲ್ಲ ಅತ್ತೆಯ ಎದುರಿಗೇ ಕೇಳುತ್ತಾರೆ. ತಾಯಿ ಕಾರ್ಡು ಮಡಚಿ ಚೀಲಕ್ಕೆ ಹಾಕಿ, ಅತ್ತೆಯನ್ನು ಮುಂದೆ ಕಳಿಸಿ, ಬಾಗಿಲ ಹತ್ತಿರ ತಡೆದು ನಿಂತು ಕೇಳುವ ಪ್ರಶ್ನೆ ಬೇರೆ ಇದೆ. "ನೋವು ತಿನ್ನೋವಾಗ ಎರಡಕ್ಕೆ ಆಗ್ಬುಟ್ರೆ ಏನ್ ಮಾಡೋದು ಸಿಸ್ಟರ್?"

ಮದ್ದೂರು, ಮಳವಳ್ಳಿ ಕಡೆಯ ಉಪಕೇಂದ್ರಗಳಲ್ಲಿ, ಆಮೇಲೆ ಹೆರಿಗೆ ವಾರ್ಡಿನಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಇಷ್ಟು ಮೆಲ್ಲಗೆ ಕೇಳಿದ ಪ್ರಶ್ನೆ ನನ್ನ ಸರ್ವಿಸಿನಲ್ಲಿ ಮತ್ತೊಂದಿಲ್ಲ. ಉತ್ತರ ಚಿಕ್ಕದು. ಆಗಬಹುದು, ಬಹಳ ಜನಕ್ಕೆ ಆಗುತ್ತದೆ, ಆದರೆ ಒರೆಸುತ್ತೇವೆ. ಕೂಸು ಬರುವ ದಾರಿಯ ಬೆನ್ನಿಗೇ ಮಲ ನಿಲ್ಲುವ ಜಾಗವಿದೆ. ತಲೆ ಕೆಳಗಿಳಿಯುತ್ತಾ ಅದನ್ನು ಒತ್ತಿಕೊಂಡೇ ಬರಬೇಕು, ಬೇರೆ ದಾರಿ ಇಲ್ಲ. ಕೊನೆಯ ಹೊತ್ತಿನಲ್ಲಿ 'ಹೊರಗೆ ಹೋಗಬೇಕು' ಅನಿಸುವುದು ಸಾಮಾನ್ಯವಾಗಿ ಕೂಸು ಹತ್ತಿರ ಬಂತು ಅನ್ನುವುದರ ಗುರುತು. ಆದರೆ ಇಷ್ಟು ಹೇಳಿದರೂ ಆ ಹೆಂಗಸಿನ ಮುಖ ತಿಳಿಯಾಗುತ್ತಿರಲಿಲ್ಲ. ಯಾಕೆಂದರೆ ಆ ಹೆದರಿಕೆ ಒಂದು ದಿನದ್ದಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೊಂದು ಚರಿತ್ರೆ ಇದೆ. ಹೆರಿಗೆ ರಿಜಿಸ್ಟರಿನಲ್ಲಿ ಕೂಸಿನ ತೂಕಕ್ಕೆ ಒಂದು ಕಲಂ ಇದೆ, ಮಾಸು ಬಿದ್ದ ಹೊತ್ತಿಗೆ ಒಂದು ಕಲಂ ಇದೆ. ಇದಕ್ಕೆ ಇಲ್ಲ. ಹಾಗಾಗಿ ನನಗೆ ತಿಳಿದಷ್ಟನ್ನು ಬರೆಯಬೇಕು ಅನಿಸಿತು.

ನನ್ನ ಅವ್ವನ ಅವ್ವ ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಸೂಲಗಿತ್ತಿ. ನಮ್ಮದು ಕ್ಷೌರದ ಮನೆತನ. ಗಂಡಸರು ಊರಿನ ತಲೆ, ಗಡ್ಡ ನೋಡಿದರೆ ಹೆಂಗಸರು ಊರಿನ ಹೆರಿಗೆ ನೋಡುತ್ತಿದ್ದರು. ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಈ ಕೆಲಸ ನಮ್ಮವರದ್ದು ಇಲ್ಲವೇ ದಲಿತ ಕೇರಿಯ ಹೆಂಗಸರದ್ದು. ಕಣದಲ್ಲಿ ರಾಗಿ ಅಳೆಯುವಾಗ ಸಿಗುವ ಆಯ, ಹೆರಿಗೆ ಆದಾಗ ಮೊರದಲ್ಲಿ ಅಕ್ಕಿ, ಎಲೆ ಅಡಿಕೆ, ಒಂದು ಕುಬುಸದ ಬಟ್ಟೆ, ಇವೇ ಕೂಲಿ.

ಅಜ್ಜಿ ನೋಡಿದ ಹೆರಿಗೆಗಳು ನಡುಮನೆಯ ಮೂಲೆಯಲ್ಲೋ ಕೊಟ್ಟಿಗೆಯಲ್ಲೋ ಆಗುತ್ತಿದ್ದವು. ಸಗಣಿ ಸಾರಿಸಿದ ನೆಲ, ಅದರ ಮೇಲೆ ಗೋಣಿಚೀಲ, ಗೋಣಿಯ ಮೇಲೆ ಹಳೇ ಸೀರೆಯ ಮಡಿಕೆ. ಪಕ್ಕದಲ್ಲಿ ಒಂದು ಮೊರದ ತುಂಬ ಒಲೆಯ ಬೂದಿ. ಜಂತೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕುರುಗಾಲಲ್ಲಿ ಕೂತು ಹೆರುವುದು ವಾಡಿಕೆ. ಬಯಲಿಗೆ ಹೋದಾಗ ಕೂರುವಂತೆಯೇ. ನೋವು ಶುರುವಾದಾಗ ಹರಳೆಣ್ಣೆ ಕುಡಿಸುತ್ತಿದ್ದದ್ದೂ ಉಂಟು. ಹೊಟ್ಟೆ ಖಾಲಿಯಾದರೆ ನೋವು ಜೋರಾಗುತ್ತದೆ ಅನ್ನುವುದು ನಂಬಿಕೆ. ಮಲ ಬಂದರೆ ಅಜ್ಜಿ ಒಂದು ಹಿಡಿ ಬೂದಿ ಉದುರಿಸಿ, ಬಟ್ಟೆಯ ಮಡಿಕೆ ಎಳೆದು, ಇನ್ನೊಂದು ಮಡಿಕೆ ಕೆಳಗೆ ತಳ್ಳುತ್ತಿದ್ದಳು. ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು. "ಬರ್ಲಿ ಬುಡವ್ವ, ಅದು ಬಂತು ಅಂದ್ರೆ ಕೂಸು ಬಾಗ್ಲಿಗೆ ಬಂತು ಅಂತ."

ಆ ಮೂಲೆಯಲ್ಲಿ ನಾಚಿಕೆಯೇ ಇರಲಿಲ್ಲ ಅಂತಲ್ಲ. ಜಗಲಿಯಲ್ಲಿ ಕೂತ ಮಾವನಿಗೆ, ಮೈದುನರಿಗೆ ಕೂಗು ಕೇಳಿಸಬಾರದು ಅಂತ ಸೆರಗು ಬಾಯಿಗೆ ತುರುಕಿಕೊಂಡು ಹೆತ್ತವರಿದ್ದರು. ಕೂಗಿದವಳನ್ನು ಆಮೇಲೆ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಮಲ ಮೂತ್ರದ ಬಗ್ಗೆ ಮಾತ್ರ ಅಂಥ ಮಾತು ಕೇಳಿದ್ದಿಲ್ಲ. ಒಳಗಿದ್ದವರು ಅವಳ ಅವ್ವ, ಅತ್ತೆ, ಸೂಲಗಿತ್ತಿ. ಚಿಕ್ಕವಳಾಗಿದ್ದಾಗ ಅವಳ ಅಂಡು ತೊಳೆದ ಕೈಗಳು, ಇಲ್ಲವೇ ನಾಳೆ ಅವಳ ಕೂಸಿನ ಅಂಡು ತೊಳೆಯುವ ಕೈಗಳು.

ಇದನ್ನೇ ಹಿಡಿದು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರಿದ್ದಾರೆ. ನನ್ನಿಂದ ಆ ಮಾತು ಬರುವುದಿಲ್ಲ. ಹೆರುವವಳಿಗೆ ಅಂಟದ ಹೊಲಸು ನನ್ನ ಅಜ್ಜಿಗೆ ಅಂಟುತ್ತಿತ್ತು. ಹೆರಿಗೆ ಮುಗಿಸಿ ಅವಳು ಹಿತ್ತಲ ಬಾಗಿಲಿಂದಲೇ ಹೊರಗೆ ಬರಬೇಕು. ಬಟ್ಟೆ, ಗೋಣಿ ಒಗೆದು, ಮಾಸನ್ನು ಹಿತ್ತಲಲ್ಲಿ ಹೂತು, ಅಲ್ಲೇ ಮೈಮೇಲೆ ನೀರು ಹುಯ್ದುಕೊಂಡು ಮನೆಗೆ ನಡೆಯಬೇಕು. ಯಾವ ಮನೆಯ ಸೊಸೆಯ ಮಲ ಬಾಚಿದಳೋ ಅದೇ ಮನೆಯಲ್ಲಿ ಮರುದಿನ ನೀರು ಕೇಳಿದರೆ ಮೇಲಿಂದ ಬೊಗಸೆಗೆ ಹುಯ್ಯುತ್ತಿದ್ದರು. ಪುರುಡು ಹನ್ನೊಂದನೇ ದಿನಕ್ಕೆ ಕಳೆಯುತ್ತಿತ್ತು, ಆ ಮನೆಯವರಿಗೆ. ಅಜ್ಜಿಗೆ ಅದು ಕಳೆಯುವ ದಿನ ಅಂತ ಒಂದಿರಲಿಲ್ಲ. ಬಾಣಂತಿ ಜ್ವರದಲ್ಲಿ, ಧನುರ್ವಾಯುವಿನಲ್ಲಿ ಸತ್ತ ತಾಯಂದಿರನ್ನೂ ಕೂಸುಗಳನ್ನೂ ಅಜ್ಜಿ ಕಂಡಿದ್ದಳು. ಬೂದಿಯನ್ನೂ ಹಳೇ ಬಟ್ಟೆಯನ್ನೂ ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಆ ಹೆಂಗಸರು ದಿನನಿತ್ಯ ಹೊರಗೆ ಹೋಗುತ್ತಿದ್ದದ್ದು ಎಲ್ಲಿಗೆ ಅನ್ನುವುದನ್ನೂ ಹೇಳಬೇಕು. ಅದನ್ನು ಬಿಟ್ಟರೆ ಈ ಕತೆ ಅರ್ಧವೇ. ಕನ್ನಂಬಾಡಿ ಕಟ್ಟೆ ಎದ್ದು, ವಿಶ್ವೇಶ್ವರಯ್ಯ ನಾಲೆಯಲ್ಲಿ (ಆಗ ಅದು ಇರ್ವಿನ್ ನಾಲೆ) 1930ರ ದಶಕದ ಆರಂಭದಲ್ಲಿ ನೀರು ಹರಿಯುವ ಮುಂಚೆ ಮಂಡ್ಯದ ಸುತ್ತ ರಾಗಿ ಹೊಲ, ಕುರುಚಲು, ಕಲ್ಲುಬಂಡೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ನಾಲೆ ಬಯಲೆಲ್ಲ ಕಬ್ಬಾಯಿತು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ 1950ರ ದಶಕದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು, ನೀರಾವರಿ ಬಂದ ಮೇಲೆ ಜಮೀನು, ಹಣ, ಜಾತಿ ಸಂಬಂಧ ಹೇಗೆ ಬದಲಾದವು ಅಂತ ಪುಸ್ತಕ ಬರೆದರು. ನಮ್ಮ ಹೆಂಗಸರು ಕಬ್ಬಿನಿಂದ ಕಂಡ ಇನ್ನೊಂದು ಬದಲಾವಣೆ ಮರೆ. ಆಳೆತ್ತರದ ಕಬ್ಬು ವರ್ಷದ ಬಹುಭಾಗ ನಿಂತಿರುತ್ತಿತ್ತು. ಕಟಾವಾದ ತಿಂಗಳುಗಳಲ್ಲಿ ಮರೆ ಹೋಗುತ್ತಿತ್ತು. ನಾಲೆಯ ಕೊನೇ ಭಾಗದ ಮಳವಳ್ಳಿ ಕಡೆ, ಹಲಗೂರಿನ ಆಚೆಯ ಒಣ ಬಯಲಲ್ಲಿ, ಅದೂ ಇಲ್ಲ. ಕೋಳಿ ಕೂಗುವ ಮುಂಚೆ ಒಂದು ಸಲ, ದೀಪ ಹಚ್ಚಿದ ಮೇಲೆ ಒಂದು ಸಲ. ನಡುವೆ ಎಷ್ಟೇ ಅವಸರವಾದರೂ ಹಿಡಿದುಕೊಳ್ಳಬೇಕು. ಆರೇಳು ವರ್ಷದ ಹುಡುಗಿಗೆ ಅವ್ವ ಕಲಿಸುತ್ತಿದ್ದ ಮೊದಲ ಪಾಠವೇ ಇದು. ತುಂಬು ಬಸುರಿಯರು ಸಂಜೆ ಕಡಿಮೆ ಉಣ್ಣುತ್ತಿದ್ದರು, ನೀರು ಕಡಿಮೆ ಕುಡಿಯುತ್ತಿದ್ದರು, ರಾತ್ರಿ ಏಳಬೇಕಾಗಬಾರದು ಅಂತ. ಚೆಂಬು ಹಿಡಿದು ಹೊರಗೆ ಹೋಗಬೇಕು ಅಂತ ಹೋದವಳಿಗೆ ಅದು ಹೆರಿಗೆ ನೋವು ಅಂತ ತಿಳಿಯದೆ, ಬದುವಿನ ಮೇಲೆ ಕೂಸು ಕಂಡ ಸಂಗತಿ ನಮ್ಮ ಊರುಗಳಲ್ಲಿ ಹೊಸದಲ್ಲ. ಅದಕ್ಕೇ ಒಂಬತ್ತು ತುಂಬಿದವಳನ್ನು ಒಬ್ಬಳೇ ಹೊರಗೆ ಕಳಿಸಬೇಡಿ ಅಂತ ಅಜ್ಜಿ ಮನೆಮನೆಗೆ ಹೇಳಿಬರುತ್ತಿದ್ದಳು.

ಹೀಗೆ ಇಪ್ಪತ್ತು ವರ್ಷ ಹಿಡಿದುಕೊಳ್ಳುವುದನ್ನೇ ಕಲಿತ ಮೈ ಅದು. ಆ ಮೈಯನ್ನು ಒಂದು ದಿನ ಲೈಟಿನ ಕೆಳಗೆ, ಎತ್ತರದ ಟೇಬಲ್ಲಿನ ಮೇಲೆ, ಕಾಲೆತ್ತಿಸಿ ಮಲಗಿಸಿ, ಗುರುತಿಲ್ಲದವರು ಸುತ್ತ ನಿಂತು "ಮುಕ್ಕಮ್ಮಾ, ಜೋರಾಗಿ ಮುಕ್ಕು" ಅನ್ನುತ್ತೇವೆ.

ಆ ಟೇಬಲ್ಲಿನವರೆಗೆ ನಮ್ಮ ಸೀಮೆ ನಡೆದುಬಂದದ್ದು ನಿಧಾನವಾಗಿ. ಹೆಣ್ಣು ರೋಗಿಗಳಿಗೆ ಹೆಣ್ಣು ವೈದ್ಯರು ಬೇಕು ಅಂತ 1885ರಲ್ಲಿ ಡಫರಿನ್ ನಿಧಿ ಆರಂಭವಾಯಿತು. ಸೂಲಗಿತ್ತಿಯರಿಗೆ ತರಬೇತಿ ಕೊಡಲು 1903ರಲ್ಲಿ ಲೇಡಿ ಕರ್ಜನ್ ವಿಕ್ಟೋರಿಯಾ ಸ್ಮಾರಕ ನಿಧಿ ಕಟ್ಟಿದರು. ಆ ನಿಧಿಯವರು 1918ರಲ್ಲಿ ಹೊರತಂದ ಪುಸ್ತಕದಲ್ಲಿ ಭಾರತದ ಹೆರಿಗೆ ಕೋಣೆಗಳ ವರ್ಣನೆ ಇದೆ. ಅದರಲ್ಲಿ ಸೂಲಗಿತ್ತಿ ಎಂದರೆ ಕೊಳಕು, ಅಜ್ಞಾನ. ಸೋಂಕಿನ ಬಗ್ಗೆ ಅವರು ಹೇಳಿದ್ದು ನಿಜ. ತೊಳೆಯದ ಕೈಯಿಂದ ತಾಯಂದಿರು ಸಾಯುತ್ತಾರೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲೇ ವಿಯೆನ್ನಾದಲ್ಲಿ ತೋರಿಸಿದ್ದ. ಆದರೆ ಅವನು ಬೆರಳು ಮಾಡಿದ್ದು ಡಾಕ್ಟರುಗಳ ಕೈಗಳ ಕಡೆಗೆ. ಇಲ್ಲಿ ಆ ಬೆರಳು ನನ್ನ ಅಜ್ಜಿಯಂಥವರ ಕಡೆ ಮಾತ್ರ ತಿರುಗಿತು.

ಮೈಸೂರಿನ ಮಿಷನ್ ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, 1935ರ ಬೆಂಗಳೂರಿನ ವಾಣಿವಿಲಾಸ ನಮ್ಮವರಿಗೆ ಹೆಸರು ಮಾತ್ರ. ಉಳ್ಳವರು, ಕಷ್ಟದ ಹೆರಿಗೆಯವರು ಹೋಗುತ್ತಿದ್ದರು. ನಾಲೆಯ ಹಿಂದೆಯೇ ಬಂದ ಮಲೇರಿಯಾದಿಂದಾಗಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನ ಆರೋಗ್ಯ ಕೆಲಸ ಮಂಡ್ಯಕ್ಕೆ ಬಂತು. 1936ರಲ್ಲಿ ಪಕ್ಕದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಆರೋಗ್ಯ ಘಟಕ ಶುರುವಾಯಿತು. 1939ರ ಜುಲೈ 1ರಂದು ಮಂಡ್ಯ ಬೇರೆ ಜಿಲ್ಲೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಸೈಕಲ್ಲಿನಲ್ಲೋ ನಡೆದುಕೊಂಡೋ ಬರುವ ನರ್ಸಮ್ಮ. ಇಷ್ಟೆಲ್ಲ ಆದರೂ ಮನೆ ಹೆರಿಗೆಯೇ ಹೆಚ್ಚು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಹೆತ್ತವರು ನೂರಕ್ಕೆ ನಲವತ್ತಕ್ಕಿಂತ ಕಡಿಮೆ.

ಹೆರಿಗೆಗೆ ಮುಂಚೆ ಎಲ್ಲರಿಗೂ ಎನಿಮಾ ಕೊಡುವ ಪದ್ಧತಿ ಆಸ್ಪತ್ರೆಯ ಜೊತೆ ಹೊರಗಿನಿಂದ ಬಂದದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಶ್ಚಿಮದ ಆಸ್ಪತ್ರೆಗಳಲ್ಲಿ ಬಾಣಂತಿ ಜ್ವರದ ಹೆದರಿಕೆಯಿಂದ ಬಳಕೆಗೆ ಬಂದ ಎರಡು ಪದ್ಧತಿಗಳು ಕೂದಲು ಬೋಳಿಸುವುದು ಮತ್ತು ಸೋಪಿನ ನೀರು ಏರಿಸುವುದು. ಇಂಗ್ಲಿಷ್ ಪಠ್ಯಪುಸ್ತಕಗಳ ಜೊತೆಗೆ ಅವು ಇಲ್ಲಿಗೂ ಬಂದವು. 1980ರ ದಶಕದಲ್ಲಿ ನಾವು ತರಬೇತಿಯಲ್ಲಿ ಕಲಿತದ್ದು ಹೀಗೆ. ನೋವಿನಿಂದ ಬಂದವಳನ್ನು ಎಡಮಗ್ಗುಲಾಗಿ ಮಲಗಿಸು, ಕೆಳಗೆ ರಬ್ಬರ್ ಶೀಟು ಹಾಸು, ಎನಿಮಾ ಕ್ಯಾನನ್ನು ಸ್ಟ್ಯಾಂಡಿಗೆ ನೇತುಹಾಕು, ನಳಿಕೆಗೆ ಎಣ್ಣೆ ಸವರು, ಬೆಚ್ಚಗಿನ ಸೋಪಿನ ನೀರು ನಿಧಾನ ಬಿಡು, ಐದು ನಿಮಿಷ ತಡೆದುಕೊಳ್ಳಲು ಹೇಳು. ಪುಸ್ತಕದಲ್ಲಿ ಇಷ್ಟೇ. ವಾರ್ಡಿನಲ್ಲಿ ಇಷ್ಟೇ ಅಲ್ಲ. ಒಂದೇ ಪಾಯಿಖಾನೆ, ನಾಲ್ಕು ಜನ ಬಸುರಿಯರು, ಬಕೆಟ್ಟಿನಲ್ಲಿ ನೀರಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನೋವು ಬರುವ ನಡುವೆ ಲಂಗ ಹಿಡಿದು ಕಾರಿಡಾರಿನಲ್ಲಿ ಓಡಬೇಕು. ಬಾಗಿಲಿಗೆ ಚಿಲಕ ಇರುವುದಿಲ್ಲ. ದಾರಿಯಲ್ಲೇ ಆದವರುಂಟು. ಪಾಯಿಖಾನೆಯಲ್ಲೇ ಕೂಸಿನ ತಲೆ ಕಂಡು ಕೂಗಿದವರನ್ನು ನಾವು ಓಡಿಹೋಗಿ ಎತ್ತಿಕೊಂಡು ಬಂದದ್ದುಂಟು.

ಇಷ್ಟು ಮಾಡಿದರೂ ಟೇಬಲ್ಲಿನ ಮೇಲೆ ಮಲ ಬರುವುದು ನಿಲ್ಲಲಿಲ್ಲ. ಈಗ ನೀರಾಗಿ ಬರುತ್ತಿತ್ತು, ಅಷ್ಟೇ. ಬಟ್ಟೆಯ ಮಡಿಕೆಯಲ್ಲಿ ಬಾಚಿ ತೆಗೆಯುವಂಥದ್ದು ಈಗ ಹರಡಿ ಎಲ್ಲ ಕಡೆ ಆಗುತ್ತಿತ್ತು. ಆಗ ಬೈಗುಳ. "ಎನಿಮಾ ಕೊಟ್ರೂ ಗಲೀಜು ಮಾಡ್ತಾಳಲ್ಲ!" ಸೂಲಗಿತ್ತಿಯ ಮೂಲೆಯಲ್ಲಿ ಗುರುತಾಗಿದ್ದದ್ದು ಇಲ್ಲಿ ತಪ್ಪಾಯಿತು. ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಬಾಧಿಸುವುದು ಈ ತಿರುವು. ಹೆಂಗಸರು ಊರಿಗೆ ಹೋಗಿ ನೋವಿನ ಕತೆ ಹೇಳುತ್ತಿರಲಿಲ್ಲ, ಬೈಗುಳದ ಕತೆ ಹೇಳುತ್ತಿದ್ದರು. ನಮ್ಮ ಮದ್ದೂರು ತಾಲ್ಲೂಕಿನ ಡಾಕ್ಟರು, ಕತೆಗಾರರು ಬೆಸಗರಹಳ್ಳಿ ರಾಮಣ್ಣನವರು ಸರ್ಕಾರಿ ಆಸ್ಪತ್ರೆಯಲ್ಲಿ ಬಡವರು ಪಡುವ ಪಾಡನ್ನು 'ಗಾಂಧಿ' ಕತೆಯಲ್ಲಿ ಬರೆದರು. ಹೆರಿಗೆ ವಾರ್ಡಿನ ಒಳಗಿನದನ್ನು ಅವರಂತೆ ಬರೆಯುವ ಹೆಣ್ಣು ಡಾಕ್ಟರೊಬ್ಬರು ನಮಗೆ ಸಿಗಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಈ ನಾಚಿಕೆ ಬರೀ ಮನಸ್ಸಿನ ಬೇಸರವಾಗಿ ಉಳಿಯಲಿಲ್ಲ, ಮೈಗೆ ಪೆಟ್ಟು ಕೊಟ್ಟಿತು. ದಿನ ಹತ್ತಿರ ಬಂತು ಅಂತ ಊಟ ಬಿಟ್ಟು, ಬರೀ ಕಾಫಿ ಕುಡಿದು ಬಂದವರನ್ನು ನೋಡಿದ್ದೇನೆ. ಮುಕ್ಕುವ ಹೊತ್ತಿಗೆ ಅವರ ಮೈಯಲ್ಲಿ ಕಸುವೇ ಇರುತ್ತಿರಲಿಲ್ಲ. ಕೆಲವರು ಮುಕ್ಕುತ್ತಲೇ ತಟ್ಟನೆ ಬಿಗಿಹಿಡಿಯುತ್ತಿದ್ದರು. ಮುಖ ನೋಡಿದರೆ ನಮಗೆ ತಿಳಿಯುತ್ತಿತ್ತು, ನೋವಿಗಲ್ಲ, ಮಲ ಬಂತಲ್ಲ ಅನ್ನುವುದಕ್ಕೆ ಅಂತ. ಮೂತ್ರ ಬಂತು ಅಂತ ಹೇಳಲು ನಾಚಿ ಮೂತ್ರಕೋಶ ತುಂಬಿಸಿಕೊಂಡು ಕೂತರೆ ಕೂಸು ಇಳಿಯುವುದೂ ತಡವಾಗುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ನೀರೊಡೆದದ್ದನ್ನು ಮುಚ್ಚಿಡುವುದು. ಹಲಗೂರು ಕಡೆಯ ಒಬ್ಬಳು ಚಿಕ್ಕ ಹುಡುಗಿ, ಚೊಚ್ಚಲು, ಬಟ್ಟೆ ಒದ್ದೆಯಾದದ್ದನ್ನು ಹಾಸಿಗೆಯಲ್ಲಿ ಉಚ್ಚೆ ಹುಯ್ದುಕೊಂಡೆ ಅಂತ ತಿಳಿದು ಯಾರಿಗೂ ಹೇಳದೆ ಲಂಗ ಒಗೆದು ಒಗೆದು ಹಾಕಿದ್ದಳು. ನಮ್ಮ ಹತ್ತಿರ ಬಂದಾಗ ಮೈ ಕೆಂಡದಂತೆ ಸುಡುತ್ತಿತ್ತು. ಮೈಸೂರಿಗೆ ಕಳಿಸಿದೆವು, ತಾಯಿ ಕೂಸು ಇಬ್ಬರೂ ಉಳಿದರು. ಹೆರಿಗೆ ಆದ ಮೇಲಿನದು ಇನ್ನೂ ಮೌನ. ಕೆಮ್ಮಿದರೆ ಮೂತ್ರ ಸೋರುವುದು, ಹರಿದ ಕಡೆ ಕೂಡದೆ ಹೂಸು ತಡೆಯಲಾಗದಿರುವುದು. ಮದುವೆ ಮನೆಗೆ ಹೋಗುವುದನ್ನೇ ಬಿಟ್ಟ ಹೆಂಗಸರಿದ್ದಾರೆ, ಕಾರಣ ಗಂಡನಿಗೂ ಹೇಳಿಲ್ಲ. ಮೂಲಾಧಾರದ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಎಷ್ಟೋ ಜನಕ್ಕೆ ಗುಣ ಕಾಣುತ್ತದೆ, ಉಳಿದವರಿಗೆ ಶಸ್ತ್ರಚಿಕಿತ್ಸೆ ಇದೆ. ಕೇಳಿದರೆ ತಾನೇ ಹೇಳುವುದು.

ಎನಿಮಾ ಬೇಕೇ ಅಂತ ಹೊರಗಿನ ಜಗತ್ತು ಆ ಹೊತ್ತಿಗಾಗಲೇ ಪ್ರಶ್ನೆ ಮಾಡಿತ್ತು. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ರಾಮ್ನಿ ಮತ್ತು ಗಾರ್ಡನ್ ಎಂಬಿಬ್ಬರು, ಎನಿಮಾ ಕೊಟ್ಟ ಮತ್ತು ಕೊಡದ ಹೆಂಗಸರನ್ನು ಹೋಲಿಸಿ, ಅದನ್ನು ಎಲ್ಲರಿಗೂ ಕೊಡುವುದರಿಂದ ಲಾಭವಿಲ್ಲ ಅಂತ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ಸೇರಿದಾಗ ಬೋಳಿಸುವುದೂ ಎನಿಮಾವೂ ಬೇಕಿಲ್ಲ ಅಂದಿತು. 1996ರ ಕೈಪಿಡಿಯಲ್ಲಿ ಎಲ್ಲರಿಗೂ ಎನಿಮಾ ಕೊಡುವುದನ್ನು ಬಿಟ್ಟುಬಿಡಬೇಕಾದ ಪದ್ಧತಿಗಳ ಪಟ್ಟಿಗೇ ಹಾಕಿತು. ಆಮೇಲಿನ ಕಾಕ್ರೇನ್ ಪರಿಶೀಲನೆಗಳೂ ಸೋಂಕು ಕಡಿಮೆಯಾಗುವುದಕ್ಕೆ ಆಧಾರ ಸಿಗಲಿಲ್ಲ ಅಂದವು. ನಾನಿದ್ದ ವಾರ್ಡಿಗೆ ಆ ಮಾತು ಬರಲು ವರ್ಷಗಳೇ ಹಿಡಿದವು. ಯಾವ ಆದೇಶದಿಂದಲೂ ಕ್ಯಾನು ಕೆಳಗಿಳಿಯಲಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಅದರ ಹಿಂದೆ ಆಶಾ ಕಾರ್ಯಕರ್ತೆಯರು, ಮಡಿಲು ಕಿಟ್ಟು, 2008ರ ಕೊನೆಗೆ 108 ಆಂಬುಲೆನ್ಸು ಬಂದವು. ಆಸ್ಪತ್ರೆ ಹೆರಿಗೆಗಳು ಎಷ್ಟು ಏರಿದವೆಂದರೆ ಎನಿಮಾ ಕೊಡಲು ಕೈಯೂ ಸಾಲದು, ಹೊತ್ತೂ ಸಾಲದು. ಹಾಗೆ ಬಿಟ್ಟುಹೋಯಿತು. ಈಗ ರಾಜ್ಯದಲ್ಲಿ ನೂರಕ್ಕೆ ತೊಂಬತ್ತೇಳು ಹೆರಿಗೆ ಆಸ್ಪತ್ರೆಯಲ್ಲೇ. ತಾಯಂದಿರು ಉಳಿಯುತ್ತಿದ್ದಾರೆ. ಈ ಬದಲಾವಣೆಗಾಗಿ ದುಡಿದ ನನಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ.

ನಾಚಿಕೆ ಮಾತ್ರ ಕ್ಯಾನಿನ ಜೊತೆ ಹೋಗಲಿಲ್ಲ. ಮನೆಯಲ್ಲೇ ಶೌಚಾಲಯ ಇರುವ, ಡಿಗ್ರಿ ಓದಿದ ಹುಡುಗಿಯರು ಈಗಲೂ ಕೇಳುತ್ತಾರೆ. ಅವರಲ್ಲಿ ಕೆಲವರು "ಅದಕ್ಕೇ ಸಿಸೇರಿಯನ್ ಮಾಡಿಸ್ಕೊಂಡ್ರೆ ಒಳ್ಳೇದೇನೋ ಅನ್ಸುತ್ತೆ ಆಂಟಿ" ಅಂತ ನನ್ನ ಹತ್ತಿರ ಹೇಳಿದ್ದಾರೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಶೇ. 31 ಸಿಸೇರಿಯನ್. ಅದಕ್ಕೆ ಕಾರಣಗಳು ಹಲವು, ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಒರೆಸಿ ಹಾಕಬಹುದಾದ ಒಂದು ಸಂಗತಿಗೆ ಹೆದರಿ ಹೊಟ್ಟೆ ಕುಯ್ಯಿಸಿಕೊಳ್ಳುವ ಯೋಚನೆ ಒಬ್ಬಳಿಗೆ ಬಂದರೂ ನನಗೆ ಸಂಕಟವಾಗುತ್ತದೆ. ಏಳನೇ ತಿಂಗಳಲ್ಲಿ ಯಾರಾದರೂ ಅವಳನ್ನು ಕೂರಿಸಿಕೊಂಡು ನಾಲ್ಕು ಮಾತು ಹೇಳಬೇಕಿತ್ತು. ಮಲ ಬರಬಹುದು, ವಾಂತಿ ಆಗಬಹುದು, ಹೂಸು ಹೋಗಬಹುದು, ಕೈಕಾಲು ನಡುಗಬಹುದು, ನೀರು ಹೋದರೆ ಉಚ್ಚೆಯೋ ನೀರೋ ಅಂತ ನೀನು ತೀರ್ಮಾನ ಮಾಡಬೇಡ, ಬಂದು ತೋರಿಸು ಅಂತ. ತಾಯಿ ಕಾರ್ಡಿನಲ್ಲಿ ಅಪಾಯದ ಚಿಹ್ನೆಗಳಿಗೆ ಜಾಗವಿದೆ. ಅಪಾಯವಲ್ಲದವುಗಳಿಗೂ ಒಂದು ಪುಟ ಇರಲಿ ಅಂತ ನನ್ನ ಆಸೆ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾನು ಅಜ್ಜಿಯನ್ನು ನೆನೆದು ಅತ್ತೆ. ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಅಂತ ಎಲ್ಲರೂ ಲೆಕ್ಕ ಹೇಳಿದರು. ಆ ಕೈ ಅಷ್ಟು ಸಲ ಬಾಚಿ, ಒರೆಸಿ, ತೊಳೆದದ್ದರ ಲೆಕ್ಕವನ್ನು ಯಾರೂ ಎತ್ತಲಿಲ್ಲ. ಆ ಕೆಲಸ ಇಂದು ಲೇಬರ್ ವಾರ್ಡಿನ ಆಯಾಗಳದ್ದು. ಗುತ್ತಿಗೆಯ ಹೆಂಗಸರು, ನಾನು ಕಂಡಂತೆ ಬಹುಪಾಲು ಅದೇ ಕೇರಿಗಳಿಂದ ಬಂದವರು. ಒಂದು ಪಾಳಿಯಲ್ಲಿ ಒಬ್ಬಳೇ, ಮೂರು ಟೇಬಲ್ಲು. ಟೇಬಲ್ಲಿನ ಮೇಲಿದ್ದವಳ ಕಿವಿಗೆ ಮೊದಲು ಬೀಳುವ ಬೈಗುಳ ಬಹಳ ಸಲ ಇವಳದ್ದೇ, ಯಾಕೆಂದರೆ ಚೆಲ್ಲಿದ್ದನ್ನು ಬಳಿಯಬೇಕಾದವಳು ಇವಳೇ. 2017ರಿಂದ ಕೇಂದ್ರ ಸರ್ಕಾರದ 'ಲಕ್ಷ್ಯ' ಯೋಜನೆಯಲ್ಲಿ ಹೆರಿಗೆ ಕೋಣೆಗಳನ್ನು ಸುಧಾರಿಸುತ್ತಿದ್ದಾರೆ. ಪರದೆ ಬಂದಿದೆ, ಜೊತೆಗೊಬ್ಬರು ಹೆಂಗಸರನ್ನು ಒಳಗೆ ಬಿಡಬೇಕು ಅಂತ ಆಗಿದೆ, ಹೆರುವವಳ ಜೊತೆ ಗೌರವದಿಂದ ಮಾತಾಡುವುದು ಹೇಗೆ ಅಂತ ಡಾಕ್ಟರಿಗೂ ನರ್ಸಿಗೂ ತರಬೇತಿ ಕೊಡುತ್ತಾರೆ. ಆ ತರಬೇತಿಗೆ ಆಯಾಗಳನ್ನು ಕುರ್ಚಿ ಹಾಕಿ ಕೂರಿಸಿದ್ದನ್ನು ನನ್ನ ಸರ್ವಿಸು ಮುಗಿಯುವವರೆಗೂ ನಾನು ನೋಡಲಿಲ್ಲ. ಅವರನ್ನೂ ಕೂರಿಸಲಿ, ಪಾಳಿಗೆ ಇಬ್ಬರನ್ನು ಹಾಕಲಿ, ಕೈಗೆ ಹರಿಯದ ಗ್ಲೌಸು ಕೊಡಲಿ.